ಹೆಸರಿಲ್ಲದ ದಿಬ್ಬಗಳು

ಸ್ಮಶಾನದಲ್ಲಿ ಜಾಗ ಸಾಲದು ಎಂಬ ಮಾತು ಈಗ ಸಣ್ಣ ಊರುಗಳಲ್ಲೂ ಕೇಳಿಬರುತ್ತಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮಗೂ ಈ ಪ್ರಶ್ನೆ ಬಂದೇ ಬರುತ್ತದೆ: ಮೂಲೆಯ ಹಳೆಯ ದಿಬ್ಬಗಳಿಗೆ ಕಲ್ಲಿಲ್ಲ, ಶಿಲುಬೆಯಿಲ್ಲ, ಕೇಳುವವರೂ ಇಲ್ಲ. ಸಮ ಮಾಡಿಬಿಟ್ಟರೆ ತಪ್ಪೇನು?

ತಪ್ಪಿಲ್ಲ ಎನ್ನುವವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆತ್ಮ ದೇವರ ಕೈಯಲ್ಲಿದೆ, ಮಣ್ಣು ಮಣ್ಣಿಗೆ ಸೇರಿದೆ. ಮೋಶೆಯ ಸಮಾಧಿ ಎಲ್ಲಿದೆಯೆಂದು ಇಂದಿಗೂ ಯಾರಿಗೂ ತಿಳಿಯದು. ಅಂಥವನಿಗೇ ಇಲ್ಲದ ಕಲ್ಲು ಕೂಲಿಯವನಿಗೇಕೆ?

ಆದರೆ ಕಲ್ಲು ಏಕಿಲ್ಲ ಎಂದು ಕೇಳಬೇಕು. ಬಡವರು ಮರದ ಶಿಲುಬೆ ನೆಡುತ್ತಿದ್ದರು, ಗೆದ್ದಲು ತಿಂದಿತು. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಿತು, 1918ರಲ್ಲಿ ವಿಷಮಶೀತ ಜ್ವರ ಬಂತು. ಅಂಥ ದಿನಗಳಲ್ಲಿ ಹೊರಲು ನಾಲ್ಕು ಜನ ಸಿಕ್ಕಿದರೆ ಅದೇ ದೊಡ್ಡದು.

ಶ್ರೀರಂಗಪಟ್ಟಣಕ್ಕೆ ಹೋದವರು ಅಲ್ಲಿನ ಗ್ಯಾರಿಸನ್ ಸ್ಮಶಾನವನ್ನು ನೋಡಿರಬಹುದು. ಯುರೋಪಿಯನ್ ಅಧಿಕಾರಿಗಳದು, ಅವರ ಮಡದಿ ಮಕ್ಕಳದು ಸುಮಾರು 300 ಸಮಾಧಿಗಳು ಅಲ್ಲಿವೆ. ಅವರಲ್ಲಿ ಡಿ ಮ್ಯೂರಾನ್ ಎಂಬ ಸ್ವಿಸ್ ದಳದವರೂ ಇದ್ದಾರೆ; ಆ ಮನೆತನದವರೇ ಎರಡು ಶತಮಾನ ಕಳೆದ ಮೇಲೆ ಬಂದು ಅದರ ಜೀರ್ಣೋದ್ಧಾರ ಮಾಡಿಸಿದರು. ಒಳ್ಳೆಯದೇ. ಆದರೆ 1799ರ ಮೇ 4ರಂದು ಕೋಟೆಯ ಒಳಗೂ ಹೊರಗೂ ಬಿದ್ದ ಸಾಮಾನ್ಯ ಸಿಪಾಯಿಗಳು ಎಲ್ಲಿ? 1784ರಲ್ಲಿ ಕೆನರಾದಿಂದ ಸೆರೆಯಾಗಿ ಹೊರಟು ದಾರಿಯಲ್ಲೇ ತೀರಿಕೊಂಡ ನಮ್ಮ ಕ್ರೈಸ್ತರು ಎಲ್ಲಿ? ಹುಡುಕಿ ಬರುವ ವಂಶ ಇದ್ದವರಿಗೆ ಕಲ್ಲು ಉಳಿಯಿತು.

ಇಲ್ಲಿ ಪವಿತ್ರ ಗ್ರಂಥ ನಮ್ಮನ್ನು ಬಿಡುವುದಿಲ್ಲ. ಮೋಶೆಯ ಗುರುತು ಉಳಿಯದಿದ್ದರೂ ಅವನು ಅನಾಥನಾಗಿ ಬಿದ್ದಿರಲಿಲ್ಲ, ದೇವರೇ ಅವನನ್ನು ಮಣ್ಣು ಮಾಡಿದರು. ತೊಬೀತನು ನಿನೆವೆಯ ಗೋಡೆಯಾಚೆ ಎಸೆದ ಹೆಣಗಳನ್ನು ರಾಜನ ಕೋಪಕ್ಕೂ ಹೆದರದೆ ಹೂಳಿದನು; ಅವನು ಹೆಸರು ಕೇಳಿ ಹೂಳಲಿಲ್ಲ. ಯೂದನು ಹಿಂದಿರುಗಿಸಿದ ಮೂವತ್ತು ಬೆಳ್ಳಿ ನಾಣ್ಯಗಳಿಂದ ಏನು ಕೊಂಡರು, ನೆನಪಿದೆಯೇ? ಪರದೇಶಿಗಳನ್ನು ಹೂಳಲು ಕುಂಬಾರನ ಹೊಲ. ನಮ್ಮ ಪ್ರಭುವನ್ನು ಮಾರಿದ ಬೆಲೆ ಕೊನೆಗೆ ಗುರುತಿಲ್ಲದವರ ಸ್ಮಶಾನಕ್ಕೆ ಸಂದಿತು!

ಹಾಗಾದರೆ ಹಳೆಯ ಗುಂಡಿಯಲ್ಲಿ ಇನ್ನೊಬ್ಬರನ್ನು ಹೂಳಬಾರದೇ? ಹೂಳಬಹುದು, ಅದು ಹಳೆಯ ಪದ್ಧತಿಯೇ. ಸಿಕ್ಕ ಮೂಳೆಗಳನ್ನು ಗೌರವದಿಂದ ಮತ್ತೆ ಅಲ್ಲೇ ಮುಚ್ಚಿ, ಗುರುಗಳು ಪ್ರಾರ್ಥಿಸಿದರೆ ಸತ್ತವರು ಸತ್ತವರಿಗೆ ಜಾಗ ಬಿಟ್ಟುಕೊಟ್ಟಂತೆ. ಆದರೆ ವಾಹನ ನಿಲ್ಲಿಸಲೆಂದು ಜೆಸಿಬಿ ಓಡಿಸುವುದು ಬೇರೆ. (ಮೂವರ ಜಾಗವನ್ನು ಒಬ್ಬರಿಗೇ ಹಿಡಿಯುವ ಗ್ರಾನೈಟ್ ಕಲ್ಲರೆ ಕಟ್ಟಿಸುವವರು ಜಾಗವಿಲ್ಲವೆಂದು ದೂರುವುದೂ ನನಗೆ ಅರ್ಥವಾಗದು.)

ಇನ್ನೊಂದು ಮಾತು. ಜ್ಞಾನಸ್ನಾನ, ಮದುವೆಗಳಂತೆ ಮರಣಗಳಿಗೂ ಪ್ರತಿ ಧರ್ಮಕೇಂದ್ರದಲ್ಲಿ ದಾಖಲೆ ಪುಸ್ತಕ ಇರಬೇಕೆಂದು 1983ರ ಶ್ರೀಸಭೆಯ ಕಾನೂನು ಹೇಳುತ್ತದೆ. ದಿಬ್ಬದ ಮೇಲಿಲ್ಲದ ಹೆಸರು ಅಲ್ಲಿರಬಹುದು. ನವೆಂಬರ್ 2ರಂದು ನಾವು ನಮ್ಮ ಮನೆಯವರ ಸಮಾಧಿಗೆ ಹೂವು, ಮೇಣದ ಬತ್ತಿ ಒಯ್ಯುತ್ತೇವೆ. ಅದಕ್ಕೆ ಮುಂಚೆ ಒಂದು ಭಾನುವಾರ ಯುವಕರು ನಾಲ್ಕಾರು ಜನ ಗುರುಗಳ ಅಪ್ಪಣೆ ಪಡೆದು, ಆ ಹಳೆಯ ಪುಸ್ತಕದ ಹೆಸರುಗಳನ್ನು ಬರೆದುಕೊಳ್ಳಲಿ. ಅಕ್ಷರ ಮಾಸಿದ್ದರೆ ಊರಿನ ಹಿರಿಯರನ್ನು ಕೇಳಲಿ. ಅಂದಿನ ಪೂಜೆಯಲ್ಲಿ ಎಲ್ಲ ಹೆಸರುಗಳನ್ನೂ ಗಟ್ಟಿಯಾಗಿ ಓದಲು ಅರ್ಧ ಗಂಟೆ ಹಿಡಿದರೂ ಹಿಡಿಯಲಿ.