ಔಷಧವನ್ನು ಕೊಟ್ಟರೆ ನಮ್ಮ ಸಾಲ ತೀರಿತೋ?

ಬೊಲಿವಿಯ ದೇಶದ ಆಲ್ಟಿಪ್ಲಾನೊ ಎಂಬ ಎತ್ತರದ ಬಯಲಿನಲ್ಲಿ, ಕುರಿದನಗಳ ಪಿತ್ತಜನಕಾಂಗವನ್ನು ಕೆಡಿಸುವ ಚಪ್ಪಟೆ ಹುಳವು ಮಕ್ಕಳನ್ನೂ ಹಿಡಿಯುತ್ತದೆ. ಹಿಕ್ಕೆ ಸಗಣಿಗಳೊಡನೆ ಅದರ ಮೊಟ್ಟೆಗಳು ನೀರಿಗೆ ಬಿದ್ದು, ಮರಿಗಳು ಬಸವನಹುಳದಲ್ಲಿ ಬೆಳೆದು, ನೀರುಸೊಪ್ಪಿಗೆ ಅಂಟುವವು. ಅದನ್ನು ಹಸಿಯಾಗಿ ತಿಂದವರಿಗೆ ರೋಗವು ಬರುವದು. 2008ರಲ್ಲಿ ಅಲ್ಲಿಯ ಜನರಿಗೆ ಟ್ರಿಕ್ಲಬೆಂಡಜೋಲ್ ಗುಳಿಗೆಯನ್ನು ಧರ್ಮಾರ್ಥವಾಗಿ ಹಂಚತೊಡಗಿದರು; ದೇಹತೂಕದ ಒಂದು ಕಿಲೋಗ್ರಾಮಿಗೆ 10 ಮಿಲಿಗ್ರಾಮ್ ಅದರ ಅಳತೆ.

ಗುಳಿಗೆಯು ಹುಳವನ್ನು ಕೊಲ್ಲುವದು, ಕಾಲುವೆಯನ್ನು ಶುದ್ಧಮಾಡದು. ಗುಣವಾದ ಮಗುವು ತಿರಿಗಿ ಅದೇ ನೀರಿಗೆ ಹೋಗುವದು. ಹಾಗಾದರೆ ಔಷಧವು ವ್ಯರ್ಥವೋ? ಎಂದಿಗೂ ಅಲ್ಲ, ಯಾಕಂದರೆ ಕಾಲುವೆ ಶುದ್ಧವಾಗುವ ತನಕ ಇಂದು ನರಳುವ ಮಗುವು ಕಾಯಲಾರದು. ಆದರೂ ಗುಳಿಗೆಯನ್ನು ಕೊಟ್ಟೆವೆಂದು ನಾವು ಕೈತೊಳೆದುಕೊಳ್ಳಬಾರದು. ಗುಳಿಗೆ ಕೊಡುವದು ದಯೆ, ಶುದ್ಧಜಲ ಒದಗಿಸುವದು ನ್ಯಾಯ. ದಯೆಯಿಂದ ನ್ಯಾಯದ ಸಾಲವು ತೀರದು.