ವಿಲೇವಾರಿಯ ಲೆಕ್ಕ

ಕಸಕ್ಕೂ ಅರ್ಜಿಗೂ ನಾವು ಬಳಸುವ ಪದ ಒಂದೇ: ವಿಲೇವಾರಿ. ಕಣ್ಣೆದುರಿನಿಂದ ಸರಿದರೆ ಸಾಕು, ಕೆಲಸ ಮುಗಿಯಿತೆಂಬ ಭಾವ ಎರಡರಲ್ಲೂ ಇದೆ.

ಕರ್ನಾಟಕದಲ್ಲಿ ಸಕಾಲ ಕಾಯ್ದೆ ಬಂದದ್ದು 2011ರಲ್ಲಿ. ಅರ್ಜಿದಾರರಿಗೊಂದು ಸಂಖ್ಯೆ, ಕೆಲಸಕ್ಕೊಂದು ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಕಚೇರಿ ಅಲೆದು ಚಪ್ಪಲಿ ಸವೆಸಿದವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಗಡುವಿನೊಳಗೆ ಅಧಿಕಾರಿ ಸೇವೆ ಕೊಡಬಹುದು, ಇಲ್ಲವೇ ಕಾರಣ ಬರೆದು ಅರ್ಜಿಯನ್ನು ತಿರಸ್ಕರಿಸಬಹುದು. ಎರಡರಿಂದಲೂ 'ಬಾಕಿ'ಯ ಅಂಕಿ ಒಂದು ಇಳಿಯುತ್ತದೆ. ವಿಧವಾ ವೇತನ ಮಂಜೂರಾದವಳೂ, ದಾಖಲೆಯಲ್ಲಿ ಹೆಸರಿನ ಅಕ್ಷರ ತಪ್ಪಿದ್ದಕ್ಕೆ ಬರಿಗೈಯಲ್ಲಿ ಮರಳಿದವಳೂ ವಿಲೇವಾರಿಯ ಮೊತ್ತದಲ್ಲಿ ಒಂದೊಂದೇ.

ಇದರಲ್ಲಿ ಕಂಪ್ಯೂಟರಿನ ತಪ್ಪಿಲ್ಲ. ಕೇಳಿದ್ದನ್ನು ಅದು ಎಣಿಸಿಕೊಟ್ಟಿದೆ. ಎಷ್ಟು ಮುಗಿದವು ಎಂದಷ್ಟೇ ಕೇಳಿದರೆ, ಬೇಗನೆ ಇಲ್ಲವೆನ್ನುವ ಅಧಿಕಾರಿಯೂ ದಕ್ಷನಾಗಿ ಕಾಣುತ್ತಾನೆ. ಮಂಜೂರಾದವೆಷ್ಟು, ತಿರಸ್ಕೃತವಾದವೆಷ್ಟು, ಯಾವ ಕಾರಣಕ್ಕೆ ಎಂದು ಬೇರೆ ಬೇರೆಯಾಗಿ ಎಣಿಸಿದಾಗಲೇ ಆ ಎರಡನೆಯ ಹೆಂಗಸು ಕಣ್ಣಿಗೆ ಬೀಳುವುದು.

ಅಧಿಕಾರ ಅಮಾನತ್, ಅಂದರೆ ನಂಬಿ ವಹಿಸಿದ ಹೊಣೆ ಎನ್ನುತ್ತದೆ ಇಸ್ಲಾಮ್. ಹಿಸಾಬಿನ ದಿನ ಒಟ್ಟು ಮೊತ್ತ ತೋರಿಸಿ ಪಾರಾಗಲಾಗದು. ಒಬ್ಬೊಬ್ಬರ ಹಕ್ಕಿಗೂ ಉತ್ತರ ಕೊಡಬೇಕು. ಈ ಮಾತು ಸರಕಾರಿ ಕಚೇರಿಗಷ್ಟೇ ಸೀಮಿತವಲ್ಲ. ನಮ್ಮ ಜಮಾಅತ್‌ಗಳ ಝಕಾತ್ ವರದಿಯಲ್ಲಿ ಎಷ್ಟು ಜನರಿಗೆ ಕೊಟ್ಟೆವು ಎಂದು ಬರೆಯುತ್ತೇವೆ. ಎಷ್ಟು ಜನರನ್ನು, ಏಕೆ ಹಿಂದೆ ಕಳಿಸಿದೆವು ಎಂಬುದನ್ನೂ ಅದರ ಪಕ್ಕದಲ್ಲಿ ಬರೆಯೋಣ.