ಪಟ್ಟಣವನ್ನು ನೋಡಹೋಗುವವರಿಗೆ

ಬೇಸಿಗೆಯ ರಜೆಯಲ್ಲಿ ನಮ್ಮ ಸಭೆಗಳವರಲ್ಲಿ ಕೆಲವರು ಮುಂಬಯಿಗೆ ಹೋಗುವದುಂಟು. 1924ರಲ್ಲಿ ತೆರೆಯಲ್ಪಟ್ಟ ಗೇಟ್‌ವೇ ಆಫ್ ಇಂಡಿಯಾ ಎಂಬ ಕಡಲ ಮಹಾದ್ವಾರವನ್ನೂ ಬೋರಿಬಂದರಿನ ರೈಲುನಿಲ್ದಾಣವನ್ನೂ ಕಂಡು ಬೆರಗಾಗುತ್ತಾರೆ. ಇದು ಪಾಪವೆಂದು ನಾವು ಹೇಳುವದಿಲ್ಲ. ಕರ್ತನ ಶಿಷ್ಯರೂ ಗಲಿಲಾಯ ಸೀಮೆಯವರೇ. ಪಸ್ಕಹಬ್ಬದ ಸಮಯದಲ್ಲಿ ಜನರಿಂದ ತುಂಬಿದ ಯೆರೂಸಲೇಮಿಗೆ ಬಂದಾಗ ಅವರಲ್ಲೊಬ್ಬನು ದೇವಾಲಯದ ಕಲ್ಲುಗಳನ್ನು ಗುರುವಿಗೆ ತೋರಿಸಿದನು, ಗುರುವಿಗೆ ಅವು ಕಾಣಲಿಲ್ಲವೋ ಎಂಬಂತೆ! ಆ ಆಲಯವನ್ನು ಕ್ರಿ. ಶ. 70ರಲ್ಲಿ ರೋಮಾಯರ ದಂಡು ಹಾಳುಮಾಡಿತು.

ಆದರೆ ಅದಕ್ಕೆ ತುಸು ಮುಂಚೆ ಕರ್ತನು ನೋಡಿದ್ದೇನು? ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದ ಕಡೆಯ ವಚನಗಳನ್ನು ಓದಿರಿ. ಆತನು ಬೊಕ್ಕಸದ ಎದುರಿಗೆ ಕೂತು, ಅಷ್ಟು ಜನರ ನಡುವೆ ಎರಡು ಕಾಸು ಹಾಕಿದ ಒಬ್ಬ ಬಡ ವಿಧವೆಯನ್ನು ಕಂಡನು. ಶಿಷ್ಯರನ್ನು ಕರೆದು ಅವರಿಗೆ ಅವಳ ವಿಷಯವನ್ನು ತಿಳಿಸಬೇಕಾಯಿತು.

ನಮ್ಮ ಹಳ್ಳಿಗಳಿಂದ ಕೂಲಿಗಾಗಿ ಆ ಪಟ್ಟಣವನ್ನು ಸೇರಿದವರಿದ್ದಾರೆ: ಸುದ್ದಿ ಕಳುಹಿಸದ ಮಗ, ಪರರ ಮನೆಯಲ್ಲಿ ಪಾತ್ರೆ ಬೆಳಗುವ ಮಗಳು. ಅವರ ತಾಯಂದಿರು ಆದಿತ್ಯವಾರದಲ್ಲಿ ನಮ್ಮ ಪಕ್ಕದಲ್ಲಿಯೇ ಮೊಣಕಾಲೂರುತ್ತಾರೆ. ಹೊರಡುವದಕ್ಕೆ ಮುಂಚೆ ಅವರಿಂದ ವಿಳಾಸವನ್ನು ಬರಕೊಳ್ಳಿರಿ. ಆ ಚಾಳನ್ನು ಹುಡುಕುವದರಲ್ಲಿ ರಜೆಯ ಒಂದು ದಿನವೇ ಹೋದೀತು, ಹೋಗಲಿ. ತಾಯಿ ಕೊಟ್ಟ ಉಪ್ಪಿನಕಾಯಿಯ ಭರಣಿಯನ್ನು ಜೋಪಾನವಾಗಿ ಒಯ್ಯಿರಿ.